ಜಜ್ಜಿದ ಮೇಲೆ ಹುಟ್ಟುವ ಘಾಟು

ಮಕ್ಕಳೇ, ಸುಲಿದ ಬೆಳ್ಳುಳ್ಳಿ ಎಸಳನ್ನು ಇಡಿಯಾಗಿ ಮೂಸಿ ನೋಡಿ, ಘಾಟು ಅಷ್ಟಿಲ್ಲ. ಜಜ್ಜಿದರೆ ಮೂಗಿಗೇ ಹೊಡೀತದೆ! ಎಸಳಿನಲ್ಲಿ ಅಲಿಯಿನ್ ಎಂಬ ವಸ್ತು, ಅಲಿಯಿನೇಸ್ ಎಂಬ ಕಿಣ್ವ ಬೇರೆಬೇರೆಯಾಗಿ ಇರುತ್ತವೆ. ಜಜ್ಜಿದಾಗ ಕಿಣ್ವವು ಅಲಿಯಿನನ್ನು ಅಲಿಸಿನ್ ಆಗಿ ಮಾರ್ಪಡಿಸುತ್ತದೆ. ಇದನ್ನು 1944ರಲ್ಲಿ ಕ್ಯಾವಲಿಟೊ ಮತ್ತು ಬೈಲಿ ಬೇರ್ಪಡಿಸಿದರು.

ಕೀವು ತರುವ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಹರಡಿದ ಅಗರ್ ತಟ್ಟೆಯಲ್ಲಿ ಈ ರಸ ಹೀರಿದ ಕಾಗದದ ಬಿಲ್ಲೆ ಇಟ್ಟರೆ, ಮರುದಿನ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ತಿಳಿ ವೃತ್ತ ಕಾಣುತ್ತದೆ. (ಇದು ಪ್ರಯೋಗಾಲಯದವರ ಕೆಲಸ, ತರಗತಿಯಲ್ಲಿ ಬೇಡ.) ನೀವು ಮಾಡಬಹುದಾದದ್ದು ಇಷ್ಟು: ಎಸಳನ್ನು ಇಡಿಯಾಗಿ ಬೇಯಿಸಿ, ಆಮೇಲೆ ಜಜ್ಜಿ. ಘಾಟು ಬರೋದಿಲ್ಲ, ಬಿಸಿಗೆ ಕಿಣ್ವ ಕೆಟ್ಟಿರುತ್ತದೆ.

ಗಾಯಕ್ಕೆ ಮಾತ್ರ ಹಚ್ಚಬೇಡಿ, ಚರ್ಮ ಸುಟ್ಟೀತು. ತಿಂದರೂ ಡಾಕ್ಟರ ಮಾತ್ರೆಗೆ ಅದು ಬದಲಿಯಲ್ಲ: ರಕ್ತ ಸೇರಿದ ಅಲಿಸಿನ್ ಬೇಗನೆ ಒಡೆದುಹೋಗುತ್ತದೆ.