ತೋಳು ಕೊಡಿ, ತೀರ್ಪು ಬೇಡ

ಮಕ್ಕಳೇ, ದಸರೆಗೋ ದೀಪಾವಳಿಗೋ ಊರಿಗೆ ಬಂದಾಗ ನಿಮಗೆಲ್ಲ ಒಂದು ಉಮೇದು ಬರುತ್ತದೆ. ‘ಈ ಸಲ ಅಟ್ಟ ಖಾಲಿ ಮಾಡಿಬಿಡೋಣ ಅಜ್ಜಿ’ ಅನ್ನುತ್ತೀರಿ. ಕಪ್ಪು ಪ್ಲಾಸ್ಟಿಕ್ ಚೀಲ ತರುತ್ತೀರಿ, ಗುಜರಿಯವನಿಗೆ ಫೋನು ಮಾಡುತ್ತೀರಿ. ಒಂದು ಮಧ್ಯಾಹ್ನದೊಳಗೆ ಇಡೀ ಸಂಸಾರವನ್ನು ಗುಡಿಸಿ ಅಂಗಳಕ್ಕೆ ತರುವ ಹುರುಪು ನಿಮ್ಮದು. ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತೀರಿ, ಗೊತ್ತು. ಆದರೂ ಎಪ್ಪತ್ತು ದಾಟಿದ ನನ್ನಂಥವಳ ಮಾತೊಂದನ್ನು ಕೇಳಿ. ಅಟ್ಟ ಹತ್ತುವ ಮೊದಲು ಅಟ್ಟದ ಯಜಮಾನಿಯನ್ನು ಕೆಳಗೆ ಕುರ್ಚಿ ಹಾಕಿ ಕೂರಿಸಿ. ಅವಳಿಗೆ ಬೇಕಾಗಿರುವುದು ನಿಮ್ಮ ತೋಳು. ಇಡುವುದೋ ಬಿಡುವುದೋ ಎಂಬ ತೀರ್ಪನ್ನು ಅವಳಿಗೇ ಬಿಡಿ.

ಇಷ್ಟೆಲ್ಲ ಯಾಕೆ ಕೂಡಿಟ್ಟಿರಿ ಎಂದು ನಗುತ್ತೀರಿ. ನಮ್ಮ ಕಾಲಕ್ಕೆ ಸಕ್ಕರೆ, ಸೀಮೆಎಣ್ಣೆ ಎಲ್ಲ ರೇಷನ್ ಕಾರ್ಡಿನ ಮೇಲೆ ಬರುತ್ತಿದ್ದವು. ಸ್ಕೂಟರಿಗೆ, ಟೆಲಿಫೋನಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಕೆಟ್ಟದ್ದನ್ನು ರಿಪೇರಿ ಮಾಡಿಸುವುದಿತ್ತೇ ಹೊರತು ಬಿಸಾಡುವ ಮಾತಿರಲಿಲ್ಲ. ನಮ್ಮ ಮಲೆನಾಡಿನ ಕಡೆ ಬಚ್ಚಲ ಮನೆಯ ತಾಮ್ರದ ಹಂಡೆ ಕೈ ಕಟ್ಟಿದಾಗ ಅಡಮಾನಕ್ಕೂ ಹೋಗುತ್ತಿತ್ತು, ಅಡಿಕೆ ದುಡ್ಡು ಬಂದ ಮೇಲೆ ಬಿಡಿಸಿಕೊಂಡು ಬರುತ್ತಿದ್ದರು. ಹಾಗೆ ಹೋಗಿ ಬಂದ ಹಂಡೆಯನ್ನು ‘ಕೆಜಿಗೆ ಎಷ್ಟು ಕೊಡ್ತೀಯಪ್ಪ’ ಎಂದು ಒಡತಿಯ ಎದುರಿಗೇ ಕೇಳಿದರೆ ಅವಳ ಮುಖ ಬಾಡದೆ ಇರುತ್ತದೆಯೇ? ಹಂಡೆ ಮಾರಬೇಡಿ ಎನ್ನುತ್ತಿಲ್ಲ. ಅದನ್ನು ತೂಕಕ್ಕೆ ಹಾಕುವ ಮಾತು ಒಡತಿಯ ಬಾಯಿಂದಲೇ ಬರಲಿ.

ಕೆಲಸಕ್ಕೊಂದು ಕ್ರಮ ಇರಲಿ. ಮನಸ್ಸಿಗೆ ನೋವು ಕೊಡದ ಸಾಮಾನಿನಿಂದ ಶುರುಮಾಡಿ: ಅವಧಿ ಮುಗಿದ ಮಾತ್ರೆ, ಕೆಟ್ಟ ಚಾರ್ಜರು, ಮುಚ್ಚಳವಿಲ್ಲದ ಡಬ್ಬಿ, ಡಬ್ಬಿಯಿಲ್ಲದ ಮುಚ್ಚಳ, ಮಡಚಿಟ್ಟ ಅಂಗಡಿ ಕವರು. ಇವು ಹೋದರೆ ಯಾರೂ ಅಳುವುದಿಲ್ಲ, ‘ಬಿಡಬಹುದು’ ಎಂಬ ಧೈರ್ಯವೂ ಬರುತ್ತದೆ. ಆಮೇಲೆ ಪಾತ್ರೆ, ಬಟ್ಟೆ, ಕಾಗದಪತ್ರ. ಫೋಟೋ ಮತ್ತು ಓಲೆಗಳು ಕಟ್ಟಕಡೆಗೆ. ಅವನ್ನು ಮೊದಲು ಬಿಚ್ಚಿದಿರೋ, ಒಂದು ಇನ್‌ಲ್ಯಾಂಡ್ ಲೆಟರಿನಲ್ಲೇ ಬೆಳಗು ಕಳೆದು ಟ್ರಂಕು ಹಾಗೇ ಉಳಿಯುತ್ತದೆ. ದಿನಕ್ಕೊಂದು ಟ್ರಂಕು ಸಾಕು. ಬೆಳಗಿನ ಕಾಫಿ ಆದ ಮೇಲೆ ಕೂತು, ಹಿರಿಯರಿಗೆ ದಣಿವಾಗುವ ಮೊದಲೇ ಏಳಿ. ಅವರು ಮಲಗಿದಾಗ ಕದ್ದು ಹೊರಗೆ ಸಾಗಿಸುವ ಜಾಣತನ ಮಾತ್ರ ಬೇಡ. ಒಂದು ಸಲ ಹಾಗಾದರೆ ಆಮೇಲೆ ಕಳೆದುಹೋದ ಚಮಚಕ್ಕೂ ನಿಮ್ಮ ಮೇಲೇ ಅನುಮಾನ.

ಇನ್ನೊಂದು ಮಾತು, ನಿಮಗೆ ಕಷ್ಟವಾದರೂ ಹೇಳಲೇಬೇಕು. ಬೇಡವಾದದ್ದನ್ನು ಬೇಡ ಎಂದು ಮುಖಕ್ಕೇ ಹೇಳಿ. ‘ಇದು ನಿನಗೇ ಅಂತ ಇಟ್ಟಿದ್ದೀನಿ ಕಣೇ’ ಎಂದು ಅಜ್ಜಿ ಅಂದ ಕೂಡಲೇ ದಾಕ್ಷಿಣ್ಯಕ್ಕೆ ತಲೆಯಾಡಿಸುತ್ತೀರಿ. ಬೆಂಗಳೂರಿನ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಒರಳುಕಲ್ಲಿಗೆ ಜಾಗವೆಲ್ಲಿ? ಅದು ಪಾರ್ಕಿಂಗ್ ಮೂಲೆ ಸೇರುತ್ತದೆ, ಒಂದು ದಿನ ಕಸದ ಗಾಡಿ ಹತ್ತುತ್ತದೆ. ಆ ಹೊತ್ತಿಗೆ ಊರಿನ ಪಕ್ಕದ ಮನೆಯವರು ‘ನಮಗೆ ಕೊಟ್ಟಿದ್ದರೆ ಹಿಟ್ಟು ರುಬ್ಬಿಕೊಳ್ಳುತ್ತಿದ್ದೆವಲ್ಲ’ ಎಂದು ಕೈ ಹಿಸುಕಿಕೊಂಡು ಏನು ಬಂತು? ‘ಇಡೋಕೆ ಜಾಗ ಇಲ್ಲ ಅಜ್ಜಿ, ಆದರೆ ಆ ಚಿಕ್ಕ ಕಂಚಿನ ಬೋಗುಣಿ ನನಗಿರಲಿ’ ಅಂದುಬಿಡಿ. ಹಿರಿಯರಿಗೆ ಒಂದು ಗಳಿಗೆ ಪಿಚ್ಚೆನಿಸಬಹುದು. ಆದರೆ ಯಾರಿಗೂ ಬೇಡದ್ದನ್ನು ಯಾರಿಗಾಗಿಯೋ ಕಾಯುವ ಹೊರೆ ಅಂದಿಗೆ ಇಳಿಯುತ್ತದೆ.

ಪಾತ್ರೆ ತೆಗೆಯುವಾಗ ಕಂಠದ ಮೇಲೆ ಬೆರಳಾಡಿಸಿ ನೋಡಿ. ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಸಿಗುತ್ತದೆ. ಮದುವೆಯಲ್ಲಿ ಕೊಟ್ಟವರದ್ದೋ, ಪಡೆದ ಮದುಮಗಳದ್ದೋ. ಎಷ್ಟೋ ಮನೆಗಳಲ್ಲಿ ಮುತ್ತಜ್ಜಿಯ ಹೆಸರು ಉಳಿದಿರುವುದು ಅಲ್ಲಿ ಮಾತ್ರ. ಪಾತ್ರೆ ಮಾರಿದರೂ ಆ ಹೆಸರಿನ ಫೋಟೋ ತೆಗೆದುಕೊಂಡು ಮಾರಿ. ಉಳಿಸಿಕೊಳ್ಳುವವರು ಬಳಸಲೆಂದೇ ಉಳಿಸಿಕೊಳ್ಳಿ. ಹಿತ್ತಾಳೆ, ತಾಮ್ರದ ಪಾತ್ರೆಗೆ ಒಳಗಡೆ ತವರದ ಕಲಾಯಿ ಇಲ್ಲದಿದ್ದರೆ ಹುಳಿ, ಮಜ್ಜಿಗೆ ಹಾಕುವಂತಿಲ್ಲ, ಕಿಲುಬು ಹಿಡಿದು ಆಹಾರ ವಿಷವಾಗುತ್ತದೆ. ಕಲಾಯಿ ಹಾಕುವವರು ಈಗ ಬೀದಿಗೆ ಬರುವುದು ಅಪರೂಪ. ಪೇಟೆಯ ಹಳೇ ಪಾತ್ರೆ ಅಂಗಡಿಗಳಲ್ಲಿ ವಿಚಾರಿಸಿದರೆ ಯಾರಾದರೊಬ್ಬರು ಸಿಗುತ್ತಾರೆ.

ನೇಗಿಲು, ಕೊಳಗ, ಕಡೆದ ಕಂಬ, ಬಾಗಿಲವಾಡದಂಥವು ಇದ್ದರೆ ಗುಜರಿಗೆ ಹಾಕುವ ಮೊದಲು ಯಾವುದಾದರೂ ಸಂಗ್ರಹಾಲಯಕ್ಕೆ ಒಂದು ಫೋನು ಮಾಡಿ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಕೆಡವಲು ಹೊರಟಿದ್ದ ಹಳೇ ಮನೆಗಳನ್ನು ಬಿಡಿಸಿ ತಂದು, ಮತ್ತೆ ಜೋಡಿಸಿ ನಿಲ್ಲಿಸಿದರು. ರಾಮನಗರದ ಹತ್ತಿರ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕದಲ್ಲಿ ಇರುವುದೆಲ್ಲ ನಮ್ಮಂಥವರ ಹಿತ್ತಿಲು, ಅಟ್ಟಗಳಲ್ಲಿ ಇದ್ದ ಸಾಮಾನೇ. ಹಾಗೆಂದು ಪ್ರತಿ ಒರಳನ್ನೂ ಸಂಗ್ರಹಾಲಯದವರು ತೆಗೆದುಕೊಳ್ಳಬೇಕು ಎಂದು ಹಟ ಮಾಡಬೇಡಿ, ಅವರ ಅಟ್ಟವೂ ತುಂಬಿರುತ್ತದೆ. ಪುಸ್ತಕಕ್ಕೂ ಇದೇ ಮಾತು. ಪಾಂಡವಪುರದ ಬಳಿ ಹರಳಹಳ್ಳಿಯಲ್ಲಿ ಅಂಕೇಗೌಡರು ದುಡಿದದ್ದನ್ನೆಲ್ಲ ಸುರಿದು ‘ಪುಸ್ತಕ ಮನೆ’ ಕಟ್ಟಿದ್ದಾರೆ. ಅಂಥ ಜಾಗಕ್ಕೆ ಕೊಡುವಾಗ ಗೆದ್ದಲು ಹಿಡಿದ ಹಳೇ ಗೈಡುಗಳನ್ನು ಮೊದಲೇ ಬೇರೆ ಮಾಡಿ. ದಾನದ ಹೆಸರಿನಲ್ಲಿ ನಮ್ಮ ಕಸವನ್ನು ಇನ್ನೊಬ್ಬರ ಬಾಗಿಲಿಗೆ ಸುರಿಯಬಾರದು.

ಸೀರೆಯ ಟ್ರಂಕು ತೆಗೆದಾಗ ಹೆಣ್ಣುಮಕ್ಕಳೆಲ್ಲ ಎದುರಿಗಿರಲಿ. ‘ಹಳೇ ಜರಿ ಸೀರೆ ಕೊಳ್ತೀವಿ’ ಎಂದು ಬೀದಿಯಲ್ಲಿ ಕೂಗುವವರು ಕೊಳ್ಳುವುದು ಸೀರೆಯನ್ನಲ್ಲ, ಸುಟ್ಟರೆ ಸಿಗುವ ಬೆಳ್ಳಿಯನ್ನು. ಹಳೇ ಅಸಲಿ ಜರಿಯೆಂದರೆ ಚಿನ್ನದ ನೀರು ಕಂಡ ಬೆಳ್ಳಿಯ ಎಳೆ. ಮಡಿಕೆಯಲ್ಲೇ ಸೀಳಿಹೋದ ಸೀರೆ ಮತ್ತೆ ಉಡಲಾಗದು, ಅದನ್ನು ಮಾರಿದರೆ ತಪ್ಪಿಲ್ಲ. ಗಟ್ಟಿಯಾಗಿ ಇರುವುದನ್ನು ಆಗಾಗ ಮಡಿಕೆ ಬದಲಿಸಿ ಇಡಿ, ಇಲ್ಲವೇ ಉಡುವವರಿಗೆ ಈಗಲೇ ಕೊಟ್ಟುಬಿಡಿ. ಮೆತ್ತಗಾದ ಹತ್ತಿ ಸೀರೆಗೆ ಉತ್ತರ ಕರ್ನಾಟಕದವರು ಎಂದೋ ದಾರಿ ಕಂಡುಕೊಂಡಿದ್ದಾರೆ, ಕೌದಿ ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕವಂದಿಯೂ ಹಳೇ ಬಟ್ಟೆಯದ್ದೇ. ಬದುಕಿರುವಾಗಲೇ ಕೊಡುವುದು ಹೊಸದೇನಲ್ಲ. ಮೈಸೂರು ಸೀಮೆಯಲ್ಲಿ ದಸರೆಗೆ ಕೂರಿಸುವ ಪಟ್ಟದ ಬೊಂಬೆಗಳನ್ನು ಮಗಳ ಮದುವೆಯಲ್ಲೇ ಕೊಟ್ಟು ಕಳಿಸುತ್ತಿದ್ದರು. ತಾಯಿ ಕಣ್ಣುಮುಚ್ಚುವ ತನಕ ಕಾಯಲಿಲ್ಲ. ಕೊಟ್ಟ ಬೊಂಬೆ ಮಗಳ ಮನೆಯಲ್ಲಿ ಕೂತದ್ದನ್ನು ಕಣ್ಣಾರೆ ಕಂಡು, ಆರತಿ ಎತ್ತಿ ಬರುವ ಭಾಗ್ಯ ಕೊಟ್ಟವಳಿಗೇ ಇತ್ತು. ನಿಮ್ಮ ಅಮ್ಮಂದಿರಿಗೂ ಅದು ಸಿಗುವಂತೆ ಮಾಡಿ.

ಕಾಗದಪತ್ರದಲ್ಲಿ ಮಾತ್ರ ಅವಸರ ಕೂಡದು. ಪಹಣಿ, ಕ್ರಯಪತ್ರ, ವಿಭಾಗಪತ್ರ, ಕಂದಾಯ ರಸೀದಿಗಳನ್ನು ಹಳೇ ಕರೆಂಟು ಬಿಲ್ಲಿನ ಜೊತೆ ಎಸೆದವರು ಆಮೇಲೆ ತಾಲ್ಲೂಕು ಕಚೇರಿಯ ಮೆಟ್ಟಿಲು ಸವೆಸುತ್ತಾರೆ. ಪಾಸ್‌ಬುಕ್ಕು, ಠೇವಣಿ ರಸೀದಿ ಎಷ್ಟೇ ಹಳೆಯದಿರಲಿ ತೆಗೆದಿಡಿ. 10 ವರ್ಷ ಯಾರೂ ಮುಟ್ಟದ ಠೇವಣಿಯ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೂ ವಾರಸುದಾರರು ಬ್ಯಾಂಕಿಗೆ ಹೋಗಿ ಅದನ್ನು ಕೇಳಿ ಪಡೆಯಬಹುದು. ಅಂಥ ಖಾತೆ ಹುಡುಕಲು 2023ರಿಂದ ‘ಉದ್ಗಮ್’ ಎಂಬ ಪೋರ್ಟಲ್ ಇದೆ, ಫೋನಿನಲ್ಲಿ ನೋಡಿಕೊಡುವ ಕೆಲಸ ನಿಮ್ಮದು. ಸೀರೆ ಮಡಿಕೆ, ಸಾಸಿವೆ ಡಬ್ಬಿಗಳಲ್ಲಿ ಅಜ್ಜಿ ಮರೆತ ನೋಟೂ ಸಿಗಬಹುದು. 2016ರ ನವೆಂಬರ್ 8ರ ರಾತ್ರಿ ರದ್ದಾದ 500, 1000ದ ನೋಟಾದರೆ ಬೆಲೆಯಿಲ್ಲ. ನೆನಪಿಗೆಂದು ಕಟ್ಟುಗಟ್ಟಲೆ ಇಟ್ಟುಕೊಳ್ಳಲೂಬೇಡಿ. 10ಕ್ಕಿಂತ ಹೆಚ್ಚು ಇಟ್ಟುಕೊಂಡರೆ ದಂಡ ಎಂದು 2017ರ ಕಾಯ್ದೆ ಹೇಳುತ್ತದೆ.

ಗೋಡೆಯ ಮೇಲಿನ ಜಿಂಕೆ ಕೊಂಬು, ತಾತನ ಕಾಲದ ಹುಲಿಯುಗುರಿನ ಪದಕ ಇದ್ದರೆ ಇನ್ನೂ ಎಚ್ಚರ. 2023ರ ಅಕ್ಟೋಬರಿನಲ್ಲಿ ಹುಲಿಯುಗುರು ನಮ್ಮ ರಾಜ್ಯದಲ್ಲಿ ಎಷ್ಟು ಗದ್ದಲ ಎಬ್ಬಿಸಿತೆಂದು ನೀವೇ ಟಿ.ವಿ.ಯಲ್ಲಿ ಕಂಡಿದ್ದೀರಿ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಇಂಥವನ್ನು ಮಾರುವಂತಿಲ್ಲ, ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಇಟ್ಟುಕೊಳ್ಳುವಂತೆಯೂ ಇಲ್ಲ. ತಿಳಿದ ವಕೀಲರನ್ನು ಕೇಳಿ, ಅರಣ್ಯ ಇಲಾಖೆಗೆ ಒಪ್ಪಿಸುವುದೇ ನೆಮ್ಮದಿ. 100 ವರ್ಷ ದಾಟಿದ ವಿಗ್ರಹವನ್ನು ಸೂಟ್‌ಕೇಸಿನಲ್ಲಿಟ್ಟು ಅಮೆರಿಕದ ದೇವರ ಮನೆಗೆ ಒಯ್ಯುತ್ತೇನೆಂದರೂ ಆಗದು, ಪುರಾವಸ್ತು ಕಾಯ್ದೆ ಅಡ್ಡ ಬರುತ್ತದೆ.

ಓಲೆಗರಿಯ ಕಟ್ಟು ಕಂಡರೆ ಬಿಚ್ಚಲು ಹೋಗಬೇಡಿ, ಒಣಗಿದ ಗರಿ ಮುರಿಯುತ್ತದೆ. ನಮ್ಮ ಕಡೆ ಕಡತವೂ ಸಿಗುವುದುಂಟು: ಹುಣಸೆ ಬೀಜದ ಅಂಟಿಗೆ ಇದ್ದಿಲು ಕಲಸಿ ಬಟ್ಟೆಗೆ ಬಳಿದು, ಬಳಪದಲ್ಲಿ ಬರೆದ ಲೆಕ್ಕ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಅಕ್ಷರವೇ ಹೋಗುತ್ತದೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವೋ ಹಂಪಿಯ ಕನ್ನಡ ವಿಶ್ವವಿದ್ಯಾಲಯವೋ ನೋಡಲಿ. ಕೌಟಿಲ್ಯನ ಅರ್ಥಶಾಸ್ತ್ರ ಲೋಕಕ್ಕೆ ಮತ್ತೆ ಸಿಕ್ಕಿದ್ದು ಹಾಗೆಯೇ. ತಂಜಾವೂರು ಕಡೆಯ ಪಂಡಿತರೊಬ್ಬರು ಓಲೆಯ ಕಟ್ಟನ್ನು ಮೈಸೂರಿನ ಆ ಭಂಡಾರಕ್ಕೆ ಕೊಟ್ಟರು, ಆರ್. ಶಾಮಶಾಸ್ತ್ರಿಗಳು ಓದಿ 1909ರಲ್ಲಿ ಅಚ್ಚು ಹಾಕಿಸಿದರು. ಕೊಟ್ಟವರು ‘ನಮ್ಮ ಮನೆಯದು’ ಎಂದು ಪೆಟ್ಟಿಗೆಯಲ್ಲೇ ಇಟ್ಟಿದ್ದರೆ ಗೆದ್ದಲು ಓದುತ್ತಿತ್ತು.

ಫೋಟೋ ವಿಷಯದಲ್ಲಿ ಹಿರಿಯರ ಬಾಯಿ ನಿಮಗೆ ಬೇಕೇ ಬೇಕು. ಪೆನ್ನು ಮುಟ್ಟಬೇಡಿ, ಶಾಯಿ ಎದುರಿಗೆ ಒಸರುತ್ತದೆ. ಮೆತ್ತನೆಯ ಪೆನ್ಸಿಲಿನಲ್ಲಿ ಹಿಂಬದಿಗೆ ಹೆಸರು, ಊರು, ಯಾವ ಸಮಾರಂಭ ಎಂದು ಬರೆಯಿರಿ. ಅವರು ಹೇಳುವುದನ್ನು ಫೋನಿನಲ್ಲಿ ರೆಕಾರ್ಡು ಮಾಡಿಕೊಳ್ಳಿ. ಹೆಸರಿದ್ದ ಫೋಟೋ ಉಳಿಯುತ್ತದೆ, ಹೆಸರಿಲ್ಲದ್ದನ್ನು ನಿಮ್ಮ ಮಕ್ಕಳು ಯಾರದ್ದೋ ಎಂದು ಎಸೆಯುತ್ತಾರೆ. ಓಲೆಗಳು ಬರೆದವರ, ಪಡೆದವರ ಸ್ವಂತದ್ದು. ‘ಇದನ್ನು ಓದದೆ ಸುಡು’ ಎಂದು ಅಜ್ಜಿ ಅಂದರೆ ಓದದೆಯೇ ಸುಡಿ. ಎಲ್ಲ ಗುಟ್ಟೂ ಮೊಮ್ಮಕ್ಕಳಿಗೆ ಸೇರಬೇಕಾದ ಆಸ್ತಿಯಲ್ಲ.

ಯಾರಿಗೆ ಏನು ಎಂಬುದು ಎಲ್ಲರ ಎದುರಿಗೆ ಇತ್ಯರ್ಥವಾಗಲಿ. ಅಣ್ಣ ತಮ್ಮಂದಿರು ಗದ್ದೆಗೆ ಜಗಳವಾಡಿ ರಾಜಿಯಾದದ್ದು ನೋಡಿದ್ದೇನೆ, ಒಂದು ಬೆಳ್ಳಿ ಪಂಚಪಾತ್ರೆಗೆ ಮಾತು ಬಿಟ್ಟವರು ಮಾತ್ರ ಮತ್ತೆ ಕೂಡಲಿಲ್ಲ. ಹಿರಿಯರು ಒಪ್ಪಿದರೆ ಉಯಿಲಿನಲ್ಲೇ ಬರೆಸಿ. ಅದಕ್ಕೆ ಛಾಪಾಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬಿಳಿ ಹಾಳೆಯ ಮೇಲೆ ಬರೆದವರ ರುಜು, ಇಬ್ಬರು ಸಾಕ್ಷಿಗಳ ರುಜು ಇದ್ದರೆ ಕಾನೂನು ಒಪ್ಪುತ್ತದೆ. ಆಗಲೇ ಯಾರಾದರೂ ತೀರಿಹೋಗಿದ್ದರೆ, ವೈಕುಂಠ ಸಮಾರಾಧನೆಗೆ ಬಂದ ನೆಂಟರೆಲ್ಲ ಇದ್ದಾರೆಂದು ಅಂದೇ ಬೀರು ತೆಗೆಯಬೇಡಿ. ಉಳಿದವರ ಕೈಗೆ ಅವರ ಶರ್ಟೋ ಕನ್ನಡಕವೋ ಇನ್ನೂ ಬೇಕಾಗಿರುತ್ತದೆ. ಒಂದು ವರ್ಷ ಹೋಗಲಿ, ವರ್ಷಾಂತಿಕದ ನಂತರ ಕೇಳಿ.

ಇಷ್ಟು ಹೇಳಿ ನಿಮ್ಮನ್ನು ಬಿಟ್ಟರೆ ನ್ಯಾಯವಾಗದು. ನಿಮಗೂ ಅಟ್ಟವಿದೆ, ಅದು ನಿಮ್ಮ ಫೋನಿನೊಳಗಿದೆ. ಸಾವಿರಾರು ಫೋಟೋ, ಪಾಸ್‌ವರ್ಡು, ಡಿಮ್ಯಾಟ್ ಖಾತೆ, ತಿಂಗಳು ತಿಂಗಳು ತಾನಾಗಿ ದುಡ್ಡು ಕಡಿತವಾಗುವ ಆ್ಯಪುಗಳು. ನಿಮ್ಮ ಗಂಡನಿಗೋ ಹೆಂಡತಿಗೋ ಅದರ ಬೀಗದ ಕೈ ಎಲ್ಲಿದೆಯೆಂದು ಗೊತ್ತೇ? ನಮ್ಮ ಟ್ರಂಕಿನ ಬೀಗ ಒಡೆಯಬಹುದು, ನಿಮ್ಮದನ್ನು ಒಡೆಯುವವರು ಯಾರು? ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಅದು ಎಲ್ಲಿದೆಯೆಂದು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ. ಪ್ರಾಯದವರಿಗೆ ಈ ಮಾತು ಅಪಶಕುನವೆನಿಸಬಹುದು, ಆದರೆ ಬ್ಯಾಂಕಿನವರಿಗೆ ಶಕುನ ಗೊತ್ತಿಲ್ಲ.

ಹಿರಿಯರು ‘ಮುಂದಿನ ವರ್ಷ ನೋಡೋಣ’ ಎಂದು ಮುಂದೂಡಿದರೆ ಸುಮ್ಮನಾಗಬೇಡಿ, ಪ್ರೀತಿಯಿಂದಲೇ ಒತ್ತಾಯಿಸಿ. ನಮ್ಮ ಪ್ರಾಯದಲ್ಲಿ ಕಾಲು ಸೋಲುವ ಮೊದಲೇ ನೆನಪು ಸೋಲುವುದುಂಟು. ಗುರುತು ಹಿಡಿದು ಹೇಳುವವರು ಇರುವ ತನಕ ಅದು ಸೋದರತ್ತೆಯ ಗಿಂಡಿ, ಆಮೇಲೆ ಬರೀ ಹಿತ್ತಾಳೆ. ಆದ್ದರಿಂದ ಇಡೀ ಅಟ್ಟ ಮುಗಿಯದಿದ್ದರೂ ಚಿಂತೆಯಿಲ್ಲ, ಈ ವರ್ಷ ಒಂದು ಟ್ರಂಕಾದರೂ ಅದರ ಒಡೆಯರ ಕೈಯಿಂದಲೇ ಖಾಲಿಯಾಗಲಿ.