ಯಂತ್ರಕ್ಕೆ ಒಪ್ಪಿಸುವ ಮುನ್ನ

ಆನ್‌ಲೈನ್ ಸೀರೆ ಅಂಗಡಿಗೆ ಆರ್ಡರ್ ಹೆಚ್ಚಿವೆ, ಎಲ್ಲವನ್ನೂ ಸಾಫ್ಟ್‌ವೇರಿಗೆ ಒಪ್ಪಿಸೋಣ ಅನ್ನಿಸಿದೆ ಅಲ್ಲವೇ? ಒಪ್ಪಿಸಿ, ಬೇಡ ಅನ್ನುವುದಿಲ್ಲ. ಮೊದಲು ಪ್ಯಾಕಿಂಗ್ ಮಾಡುವವರ ಪಕ್ಕ ಒಂದು ದಿನ ಕೂತು, ಕೆಲಸ ನಿಜಕ್ಕೂ ಹೇಗೆ ಸಾಗುತ್ತದೆಂದು ಬರೆದುಕೊಳ್ಳಿ. ಇದಕ್ಕೆಂದೇ ಬಿಪಿಎಂಎನ್ ಎಂಬ ಚಿತ್ರಪದ್ಧತಿ ಇದೆ, 2013ರಲ್ಲಿ ಐಎಸ್‌ಒ ಮಾನಕವೂ ಆಯಿತು. ಕಲಿತರೆ ಒಳ್ಳೆಯದು, ಕಲಿಯದಿದ್ದರೆ ಹಾಳೆ-ಪೆನ್ಸಿಲ್ ಸಾಕು.

ಹೆಚ್ಚಿನವರು ಎಡವುವುದು ಇಲ್ಲಿ: ಎಲ್ಲವೂ ಸರಿಯಾಗಿ ನಡೆಯುವ ದಾರಿಯನ್ನಷ್ಟೇ ಬರೆಯುತ್ತಾರೆ. ಹಣ ಕಡಿತವಾಗಿ ಆರ್ಡರ್ ದಾಖಲಾಗದಿದ್ದರೆ ಏನು ಮಾಡುತ್ತೀರಿ? ಕ್ಯಾಶ್ ಆನ್ ಡೆಲಿವರಿ ಪಾರ್ಸೆಲ್ ಬಾಗಿಲಿಂದಲೇ ವಾಪಸಾದರೆ, ಸೀರೆ ಕೈಗೆ ಬಂದು, ಬಿಚ್ಚಿ ನೋಡಿದ ಮೇಲೆಯೇ ಸ್ಟಾಕಿಗೆ ಸೇರಲಿ. ಪೇಮೆಂಟ್ ಗೇಟ್‌ವೇ ಒಂದೇ ಪಾವತಿಯ ಸುದ್ದಿಯನ್ನು ಎರಡು ಸಲ ಕಳಿಸುವುದುಂಟು. ಪಾವತಿ ಸಂಖ್ಯೆ ನೋಡಿ ಎರಡನೆಯದನ್ನು ಬಿಟ್ಟುಬಿಡುವ ಏರ್ಪಾಡು ಇಲ್ಲದಿದ್ದರೆ ಒಬ್ಬರಿಗೇ ಎರಡು ಸೀರೆ ಹೊರಡುತ್ತವೆ. ಯಂತ್ರಕ್ಕೆ ಅನುಮಾನ ಬರುವುದಿಲ್ಲ, ನೋಡಿ.

ನಿಮ್ಮ ಸೈಟಿನಲ್ಲೂ ಅಮೆಜಾನ್‌ನಲ್ಲೂ ಮಾರುತ್ತಿದ್ದರೆ ಸ್ಟಾಕ್ ಲೆಕ್ಕ ಒಂದೇ ಕಡೆ ಇರಲಿ. ದೊಡ್ಡ ಮೊತ್ತದ ರೀಫಂಡಿಗೆ ಮನುಷ್ಯರ ಒಪ್ಪಿಗೆ ಬೇಕೆಂದು ಇಡಿ. ಎಡವಟ್ಟಾದಾಗ ಯಾರ ಮೊಬೈಲಿಗೆ ಸಂದೇಶ ಹೋಗಬೇಕೆಂಬುದನ್ನೂ ಈಗಲೇ ಗೊತ್ತುಮಾಡಿ; ಕೆಲಸ ಬಿಟ್ಟುಹೋದವರ ನಂಬರು ಅಲ್ಲೇ ಉಳಿದಿರದಂತೆ ಆಗಾಗ ನೋಡಿಕೊಳ್ಳಿ.