ಸೋತವನೂ ದುಡ್ಡು ಕಟ್ಟುವ ಹರಾಜು

24,000 ರೂಪಾಯಿಯ ಫೋನು 412 ರೂಪಾಯಿ 30 ಪೈಸೆಗೆ ಹೋಯಿತು. ಸುಳ್ಳಲ್ಲ, ಗೆದ್ದವನ ಅಡ್ಡಹೆಸರಿನ ಸಮೇತ ಆ ಆನ್‌ಲೈನ್ ಹರಾಜು ತಾಣದಲ್ಲೇ ಹಾಕಿದ್ದರು. ಅದೇ ಹರಾಜಿನಲ್ಲಿ ನಮ್ಮ ಅಕ್ಕನ ಮಗ 9,000 ರೂಪಾಯಿ ಕಳೆದುಕೊಂಡು ಬರಿಗೈಯಲ್ಲಿ ಎದ್ದ.

ಹುಡುಗ ಕೋಲಾರದ ಕಡೆಯವನು, ಚೆನ್ನೈನ ಕೋಯಂಬೇಡು ಮಾರುಕಟ್ಟೆಯ ಒಂದು ಟೊಮೆಟೊ ಮಂಡಿಯಲ್ಲಿ ಗುಮಾಸ್ತ. 1996ರಲ್ಲಿ ಕೊತ್ವಾಲ್ ಚಾವಡಿಯ ಇಕ್ಕಟ್ಟಿನಿಂದ ಇಲ್ಲಿಗೆ ಬಂದ ಈ ಸಗಟು ಮಾರುಕಟ್ಟೆಗೆ ಶ್ರೀನಿವಾಸಪುರ, ಚಿಂತಾಮಣಿ ಕಡೆಯಿಂದ ಟೊಮೆಟೊ ಬರುತ್ತದೆ. ಊರಿಂದ ರೈತ ಫೋನು ಮಾಡಿ ‘ಬಾಕ್ಸು ಎಷ್ಟಕ್ಕೆ ಹೋಯ್ತಪ್ಪಾ’ ಎಂದಾಗ ಅವನ ಮಾತಿನಲ್ಲೇ ಉತ್ತರ ಕೊಡುವವರು ಬೇಕು. ಅಲ್ಲಿನ ಕೆಲವು ಮಂಡಿಗಳ ಲೆಕ್ಕ ನಾನು ಬರೆಯುತ್ತೇನೆ, ಇವನನ್ನು ಸೇರಿಸಿದ್ದೂ ನಾನೇ. ನಡುರಾತ್ರಿ ಲಾರಿ ಬಂದಾಗಿನಿಂದ ಬಿಡುವಿಲ್ಲದ ಕೆಲಸ. ಬಿಸಿಲು ಏರಿ ಚಿಲ್ಲರೆ ವ್ಯಾಪಾರಿಗಳು ಚದುರಿದ ಮೇಲೆ ನಿದ್ದೆ ಬಾರದ ಒಂದು ಹೊತ್ತು ಇರುತ್ತದೆ. ಆ ಹೊತ್ತಿನಲ್ಲಿ ಕೈಯಲ್ಲಿ ಫೋನು.

ತಾಣದ ಕ್ರಮ ಇಷ್ಟು. ಮೊದಲು ಬಿಡ್ ಪ್ಯಾಕ್ ಕೊಳ್ಳಬೇಕು: 100 ಬಿಡ್‌ಗೆ 1,500 ರೂಪಾಯಿ. ಹರಾಜು ಸೊನ್ನೆಯಿಂದ ಶುರು. ಒಬ್ಬರು ಒಂದು ಬಿಡ್ ಒತ್ತಿದರೆ ಬೆಲೆ 10 ಪೈಸೆ ಏರುತ್ತದೆ, ಗಡಿಯಾರ ಮತ್ತೆ 15 ಸೆಕೆಂಡಿಗೆ ಹೋಗುತ್ತದೆ. 15 ಸೆಕೆಂಡು ಯಾರೂ ಒತ್ತದಿದ್ದರೆ ಕೊನೆಗೆ ಒತ್ತಿದವನಿಗೆ ಮಾಲು. ಒತ್ತಿದ ಬಿಡ್ ವಾಪಸ್ ಇಲ್ಲ. ಆರು ಪ್ಯಾಕು ಸುಟ್ಟ ಮೇಲೆ ಹುಡುಗ ನನ್ನ ಹತ್ತಿರ ಬಂದ. ಅಳುತ್ತಾ ಅಲ್ಲ, ಇನ್ನೂ ದುಡ್ಡು ಕೇಳಿಕೊಂಡು.

ಅವನನ್ನು ಕೂರಿಸಿಕೊಂಡು ಮಾಡಿದ ಲೆಕ್ಕವನ್ನು ಪೂರ್ತಿ ಬರೆಯುತ್ತೇನೆ. ಬೇಸರವಾದರೂ ಓದಿ. ಬೆಲೆ 412 ರೂಪಾಯಿ 30 ಪೈಸೆಗೆ ಮುಟ್ಟಿತೆಂದರೆ, 10 ಪೈಸೆಯಂತೆ, 4,123 ಬಿಡ್ ಬಿದ್ದಿವೆ. ಒಂದು ಬಿಡ್‌ಗೆ 15 ರೂಪಾಯಿ. 4,123 ಗುಣಿಸು 15, ಅಂದರೆ 61,845. ಗೆದ್ದವನು ಕಟ್ಟಿದ 412 ರೂಪಾಯಿ 30 ಪೈಸೆ ಸೇರಿಸಿ: 62,257 ರೂಪಾಯಿ 30 ಪೈಸೆ. ತಾಣದವನು ಫೋನನ್ನು ಅಂಗಡಿ ಬೆಲೆಗೇ, 24,000ಕ್ಕೇ ತಂದ ಎನ್ನೋಣ. ಅವನಿಗೆ ಉಳಿದದ್ದು 38,257. ಒಂದು ಫೋನಿಗೆ! ಆಡಿದವರೆಲ್ಲ ಸೇರಿ ಹಾಕಿದ ಪ್ರತಿ ರೂಪಾಯಿಗೆ ಮಾಲಿನ ರೂಪದಲ್ಲಿ ಹಿಂದಿರುಗಿದ್ದು 39 ಪೈಸೆಗೂ ಕಡಿಮೆ.

ಗೆದ್ದವನನ್ನೂ ನೋಡಿ. ತಾಣ ತೋರಿಸಿದ ಪ್ರಕಾರ ಅವನು 700 ಬಿಡ್ ಒತ್ತಿದ್ದ. ಅಲ್ಲಿಗೆ 10,500, ಮೇಲೆ 412. ಅವನಿಗೆ ಫೋನು ಬಿದ್ದದ್ದು 10,912 ರೂಪಾಯಿಗೆ, 412ಕ್ಕಲ್ಲ. ಅವನು ಉಳಿಸಿದ 13,000 ಚಿಲ್ಲರೆ ಎಲ್ಲಿಂದ ಬಂತು? ಉಳಿದ 3,423 ಬಿಡ್‌ಗಳ ಬಾಬ್ತು 51,345 ರೂಪಾಯಿ ಇತ್ತಲ್ಲ, ಅದರೊಳಗಿಂದ. ಅದರಲ್ಲಿ 9,000 ನಮ್ಮ ಹುಡುಗನದು. ಗೆದ್ದವನು ನಿಜವಾದ ಮನುಷ್ಯನೇ, ತಾಣದವರೇ ಕೂರಿಸಿದ ಹೆಸರೇ ಎಂದು ತಿಳಿಯುವ ದಾರಿ ಆಡುವವನಿಗೆ ಇಲ್ಲ. ಎಲ್ಲರೂ ನಿಜವಾದವರು, ಮೋಸವೇ ಇಲ್ಲ ಎಂದು ಒಪ್ಪಿಕೊಂಡು ಹಾಕಿದ ಲೆಕ್ಕ ಇದು.

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜು ನೋಡಿ ಬೆಳೆದ ಹುಡುಗ ಇದಕ್ಕೆ ಬಿದ್ದನಲ್ಲ ಎಂಬುದು ನನ್ನ ಸಂಕಟ. ಅಲ್ಲಿ ರಾಶಿಯ ಮುಂದೆ ಹತ್ತು ಮಂದಿ ವ್ಯಾಪಾರಿಗಳು ಕೂಗುತ್ತಾರೆ, ಒಬ್ಬನಿಗೆ ಬೀಳುತ್ತದೆ. ಉಳಿದ ಒಂಬತ್ತು ಮಂದಿ ಜೇಬಿನ ದುಡ್ಡನ್ನು ಜೇಬಿನಲ್ಲೇ ಇಟ್ಟುಕೊಂಡು ಪಕ್ಕದ ರಾಶಿಗೆ ಹೋಗುತ್ತಾರೆ. ಕೂಗಿದ್ದಕ್ಕೆ ಯಾರಾದರೂ ದುಡ್ಡು ಕೇಳಿದರೆ ಮಂಡಿಯಲ್ಲಿ ಗಲಾಟೆ ಆಗಿಬಿಡುತ್ತದೆ. ನಮ್ಮ ಚೀಟಿಯಲ್ಲಂತೂ ಸೋತವನಿಗೆ ಲಾಭವೇ. ನೋಂದಾಯಿತ ಚೀಟಿಯಲ್ಲಿ ಎತ್ತಿದವನು ಬಿಟ್ಟುಕೊಟ್ಟ ಮೊತ್ತ, ಫೋರ್‌ಮನ್ ಕಮಿಷನ್ ಕಳೆದು, ಎಲ್ಲ ಸದಸ್ಯರಿಗೂ ಹಂಚಿಕೆಯಾಗುತ್ತದೆ. ಆ ಕಮಿಷನ್ನಿಗೂ 2019ರ ತಿದ್ದುಪಡಿಯ ಮೇಲೆ 7% ಮಿತಿ ಇದೆ. ಅಲ್ಲಿ ಕೂಗದೆ ಸುಮ್ಮನೆ ಕೂತವನ ಕಂತು ಕಡಿಮೆಯಾಗುತ್ತದೆ, ಇಲ್ಲಿ ಕೂಗಿದ ಪ್ರತಿಯೊಬ್ಬನ ಜೇಬೂ ಖಾಲಿಯಾಗುತ್ತದೆ. ಯಾವ ತಾಣವಾದರೂ ಸರಿ, ಒಂದೇ ಪ್ರಶ್ನೆ ಕೇಳಿ: ಸೋತವನು ದುಡ್ಡು ಕಟ್ಟಬೇಕೆ? ಹೌದಾದರೆ ನೀವು ಕೊಂಡದ್ದು ಲಾಟರಿ ಟಿಕೆಟ್ಟು.

ಈಗ ಹುಡುಗ ಕೇಳಿಕೊಂಡು ಬಂದ ದುಡ್ಡಿನ ವಿಷಯ. ಸೋತವರಿಗೂ ತಾಣದವರು ಒಂದು ಬಾಗಿಲು ತೆರೆದಿಟ್ಟಿದ್ದರು: ಅದೇ ಫೋನನ್ನು 29,999ಕ್ಕೆ ಕೊಳ್ಳಬಹುದು, ಅದರಲ್ಲಿ ಸುಟ್ಟ 9,000 ವಜಾ.

“ಮಾಮ, ಇನ್ನ 20,999 ಹಾಕಿದ್ರೆ ಫೋನು ಕೈಗೆ ಬರುತ್ತೆ. ಹೋದ ಒಂಬತ್ತು ಸಾವಿರನೂ ವಸೂಲಾಗುತ್ತೆ.”

ವಸೂಲಾಗುವುದಿಲ್ಲ. ಒಟ್ಟು ಕೈಬಿಟ್ಟದ್ದು 29,999, ಬಂದದ್ದು 24,000ದ ಮಾಲು. ಆದರೆ ಇಲ್ಲೊಂದು ಕೊಕ್ಕೆ ಇದೆ, ಅದನ್ನು ಮುಚ್ಚಿಡಬಾರದು. 9,000 ಹೇಗಿದ್ದರೂ ಹೋಗಿದೆ. ಆ ಫೋನು ಬೇಕೇ ಬೇಕು ಎಂದಾದರೆ ರಿಚಿ ಸ್ಟ್ರೀಟಿನ ಅಂಗಡಿಯಲ್ಲಿ ಹೊಸದಾಗಿ 24,000 ಕೊಡಬೇಕು, ತಾಣದಲ್ಲಿ 20,999 ಸಾಕು. ಕಾಗದದ ಮೇಲೆ ತಾಣದ ದಾರಿಯೇ 3,001 ರೂಪಾಯಿ ಅಗ್ಗ. ಕಾಮರ್ಸ್ ಪರೀಕ್ಷೆಯಲ್ಲಿ ‘ಕೊಳ್ಳು’ ಎಂದು ಬರೆದವನಿಗೇ ಪೂರ್ತಿ ಅಂಕ. ನಾನು ‘ಬೇಡ’ ಎಂದೆ. ಹೇಳಿದ ಮಾಲು ಬರುತ್ತದೆ, ಬಿಲ್ಲು ಬರುತ್ತದೆ, ವಾರಂಟಿ ಸಿಗುತ್ತದೆ ಎಂದು ನಂಬಿದರೆ ಮಾತ್ರ ಆ 3,001ಕ್ಕೆ ಅರ್ಥ. ಕೂಗಿದ್ದಕ್ಕೆ ದುಡ್ಡು ಕೀಳುವವನನ್ನು ಆ ಮೂರು ವಿಷಯಕ್ಕೆ ನಂಬಲು ನನಗೆ ಮನಸ್ಸು ಬರಲಿಲ್ಲ. ಜೊತೆಗೆ, 18,000 ಸಂಬಳದವನಿಗೆ 24,000ದ ಫೋನು ಯಾಕೆ ಎಂಬ ಮಾವನ ಮಾತೂ ಬಾಯಿಗೆ ಬಂತು. ಅವನು ಕೊನೆಗೆ 12,500ರ ಫೋನು ಕೊಂಡ. ನನ್ನ ಮೇಲೆ ಇವತ್ತಿಗೂ ಸ್ವಲ್ಪ ಮುನಿಸಿದೆ.

ಈ ವ್ಯಾಪಾರ ಹೊಸದಲ್ಲ. ಜರ್ಮನಿಯಲ್ಲಿ 2005ರಲ್ಲಿ ಟೆಲಿಬಿಡ್ ಎಂಬ ಹೆಸರಿನಲ್ಲಿ ಶುರುವಾಗಿ ಆಮೇಲೆ ಸ್ವೂಪೋ ಆದ ತಾಣ ಇದರ ಹಿರಿಯಣ್ಣ. 2011ರಲ್ಲಿ ಅದು ಬಾಗಿಲು ಹಾಕಿತು. ಅದರ ಹರಾಜುಗಳ ದಾಖಲೆಗಳನ್ನು ಜಾಲಾಡಿದ ಬರ್ಕ್ಲಿಯ ಅರ್ಥಶಾಸ್ತ್ರಜ್ಞ ನೆಡ್ ಆಗೆನ್‌ಬ್ಲಿಕ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಾಣದವರಿಗೆ ಸರಾಸರಿ 50%ದಷ್ಟು ಲಾಭ ಸಿಕ್ಕಿತ್ತೆಂದು ತೋರಿಸಿದರು. ಆಡುವವನು ಹೆಚ್ಚು ಹಾಕಿದಷ್ಟೂ ಬಿಟ್ಟು ಏಳುವುದು ಕಷ್ಟವಾಗುತ್ತದೆ ಎಂಬುದು ಅವರ ವಾದದ ತಿರುಳು. ಮಾರ್ಟಿನ್ ಶುಬಿಕ್ ಎಂಬ ಇನ್ನೊಬ್ಬ ಅರ್ಥಶಾಸ್ತ್ರಜ್ಞ 1971ರಲ್ಲೇ ಇದನ್ನು ಒಂದು ಡಾಲರ್ ನೋಟಿನ ಹರಾಜಿನ ಉದಾಹರಣೆಯಿಂದ ತೋರಿಸಿದ್ದ. ಎರಡನೆಯವನೂ ಕೂಗಿದ ದುಡ್ಡು ಕಟ್ಟಬೇಕೆಂಬ ಒಂದೇ ನಿಯಮ ಸೇರಿಸಿದರೆ ಸಾಕು, ಒಂದು ಡಾಲರಿಗೆ ಜನ ಒಂದು ಡಾಲರಿಗಿಂತ ಹೆಚ್ಚು ಕೂಗುತ್ತಾರೆ.

ಹರಾಜು ತಾಣಗಳಲ್ಲಿ ಈ ಜಾತಿಯ ಬೇರೆ ಸರಕೂ ಉಂಟು. ಅತಿ ಕಡಿಮೆಯ, ಬೇರೆ ಯಾರೂ ಹೇಳದ ಮೊತ್ತ ಹೇಳಿದವನಿಗೆ ಕಾರು ಎನ್ನುವುದು ಒಂದು. ಅದರಲ್ಲಿ ಜಾಣತನ ಎಷ್ಟು, ಅದೃಷ್ಟ ಎಷ್ಟು ಎಂದು ಅಳೆಯುತ್ತಾ ಕೂರುವುದು ವ್ಯರ್ಥ. ಇನ್ನೊಂದು ಹಳೆಯದು: ಹತ್ತು ಪೈಸೆಗೂ ಬಾಳದ ಇ-ಪುಸ್ತಕವನ್ನು 500 ರೂಪಾಯಿಗೆ ಕೊಂಡರೆ ನಿಮ್ಮ ಹೆಸರು ಒಂದು ಸಾಲಿಗೆ ಸೇರುತ್ತದೆ, ಹಿಂದೆ 40 ಮಂದಿ ಸೇರಿದಾಗಲೆಲ್ಲ ಮುಂದಿನವನಿಗೆ ಒಂದು ಲ್ಯಾಪ್‌ಟಾಪ್. ಸಾಲಿನ 100ನೆಯವನಿಗೆ ಸಿಗಬೇಕಾದರೆ 4,000 ಮಂದಿ ಸೇರಬೇಕು. ಯಾವ ದಿನ ನಿಂತರೂ 40ರಲ್ಲಿ 39 ಮಂದಿ ಕಾಯುತ್ತಲೇ ಇರುತ್ತಾರೆ. ಮ್ಯಾಟ್ರಿಕ್ಸ್ ಎಂದು ಹೆಸರಾದ ಇಂಥ ತಾಣಗಳನ್ನು ಬ್ರಿಟನ್ನಿನ ಆಫೀಸ್ ಆಫ್ ಫೇರ್ ಟ್ರೇಡಿಂಗ್ 2005ರಲ್ಲಿ ಕಾನೂನುಬಾಹಿರ ಲಾಟರಿ ಎಂದು ಮುಚ್ಚಿಸಿತು. ನಮ್ಮಲ್ಲಿ ಬಹುಮಾನ ಚೀಟಿ ಮತ್ತು ಹಣ ಚಲಾವಣೆ ಯೋಜನೆಗಳನ್ನು ನಿಷೇಧಿಸಿದ ಕಾಯ್ದೆ 1978ರಷ್ಟು ಹಳೆಯದು.

ಲಾಟರಿಯ ಬಗ್ಗೆ ತಮಿಳುನಾಡಿಗೆ ಪಾಠ ಹೇಳಬೇಕಾಗಿಲ್ಲ. 1968ರಲ್ಲಿ ಸರ್ಕಾರವೇ ಶುರುಮಾಡಿ, ನಿಲ್ಲಿಸಿ, ಮತ್ತೆ ನಡೆಸಿ, ಕೊನೆಗೆ 2003ರ ಜನವರಿಯಲ್ಲಿ ಜಯಲಲಿತಾ ಸರ್ಕಾರ ಎಲ್ಲ ಲಾಟರಿಗಳ ಮಾರಾಟಕ್ಕೂ ತೆರೆ ಎಳೆಯಿತು. ಕರ್ನಾಟಕ 2007ರಲ್ಲಿ ಅದೇ ದಾರಿ ಹಿಡಿಯಿತು. ಅಂಗಡಿಯಲ್ಲಿ ನೇತುಹಾಕಿದ್ದ ಟಿಕೆಟ್ಟು ಕಣ್ಣಿಗೆ ಬೀಳುತ್ತಿತ್ತು, ಹೆಂಡತಿ ಮಕ್ಕಳಿಗೂ ಗೊತ್ತಾಗುತ್ತಿತ್ತು. ಈಗಿನದು ಅಂಗೈಯೊಳಗೆ ಸದ್ದಿಲ್ಲದೆ ನಡೆಯುತ್ತದೆ. 2025ರಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ‘ನಮ್ಮದು ಆಟವಲ್ಲ, ಹರಾಜು’ ಎಂದು ಈ ತಾಣಗಳು ಅಷ್ಟು ಒತ್ತಿ ಹೇಳುವುದು ಯಾಕೆಂದು ನನಗೆ ಅನುಮಾನ. ದುಡ್ಡು ಕಟ್ಟು, ಅದೃಷ್ಟ ನೋಡು, ಬಹುಮಾನ ಪಡೆ: ಈ ಮೂರೂ ಇದ್ದಲ್ಲಿ ಬೋರ್ಡಿನ ಮೇಲೆ ಏನು ಬರೆದಿದ್ದರೇನು? ಪರವಾನಗಿಯಿಲ್ಲದೆ ಲಾಟರಿ ಕಚೇರಿ ನಡೆಸಿದರೆ ಭಾರತೀಯ ನ್ಯಾಯ ಸಂಹಿತೆಯ 297ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಮಾರಾಟ ಹೆಚ್ಚಿಸಲು ಲಾಟರಿ ನಡೆಸುವುದನ್ನೂ, ಬಹುಮಾನ ಯೋಜನೆಯ ಅಂತಿಮ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದನ್ನೂ ಅನುಚಿತ ವ್ಯಾಪಾರ ಎನ್ನುತ್ತದೆ.

ಗೆದ್ದೆ ಎಂಬ ಸುದ್ದಿ ಬಂದರೂ ಎಚ್ಚರ ಬೇಕು. 10,000 ಮೀರಿದ ಲಾಟರಿ ಬಹುಮಾನಕ್ಕೆ 30% ಟಿಡಿಎಸ್ ಇರುವುದು ನಿಜ. ಆ ನಿಜವನ್ನೇ ಹಿಡಿದು ‘ತೆರಿಗೆ ಕಟ್ಟಿ, ಕಾರು ಕಳಿಸುತ್ತೇವೆ’ ಎಂದು ಯಾರದೋ ಖಾಸಗಿ ಯುಪಿಐ ನಂಬರಿಗೆ ಹಾಕಿಸಿಕೊಳ್ಳುವವರಿದ್ದಾರೆ. ನಿಜವಾದ ಟಿಡಿಎಸ್ ನಿಮ್ಮ ಪ್ಯಾನ್ ಮೇಲೆ ಜಮೆಯಾಗಿ ಆದಾಯ ತೆರಿಗೆ ಇಲಾಖೆಯ ತೆರಿಗೆ ಜಮೆ ಪಟ್ಟಿಯಲ್ಲಿ ಕಾಣಬೇಕು. ಕಾಣದಿದ್ದರೆ ಅದು ತೆರಿಗೆಯಲ್ಲ.

ಹುಡುಗನಿಗೆ ನಾನು ಬೈದದ್ದು ಮುಖ್ಯವಾಗಿ ಒಂದೇ ವಿಷಯಕ್ಕೆ. ಮಂಡಿಯಲ್ಲಿ ಹತ್ತು ರೂಪಾಯಿ ಹಮಾಲಿಯನ್ನೂ ಪುಸ್ತಕದಲ್ಲಿ ಬರೆಯುವವನು, ಸ್ವಂತ ದುಡ್ಡು ಆರು ಸಲ 1,500ರಂತೆ ಹೋದರೂ ಒಂದು ಸಲವೂ ಕೂಡಿಸಿ ನೋಡಿರಲಿಲ್ಲ. ‘ಒಂದು ಬಿಡ್ 15 ರೂಪಾಯಿ ತಾನೆ’ ಎನ್ನುತ್ತಿದ್ದ. ಈಗಿನ ಹುಡುಗರಿಗೆ ಚಿಲ್ಲರೆ ಕೈಯಲ್ಲಿ ಹಿಡಿದು ಎಣಿಸಿಯೇ ಗೊತ್ತಿಲ್ಲ, ಹೋದದ್ದು ಗೊತ್ತಾಗುವುದು ಹೇಗೆ? ಬಿಡ್ ಮುಗಿದರೆ ಪ್ಯಾಕು ತಾನಾಗಿ ತುಂಬುವಂತೆ ಬೇರೆ ಒಪ್ಪಿಗೆ ಕೊಟ್ಟಿದ್ದ. ಆರರಲ್ಲಿ ಎರಡು ಪ್ಯಾಕು ಹೋದದ್ದು ಹಾಗೆ, ಅವನು ಯೋಚಿಸಿ ಕೊಂಡದ್ದಲ್ಲ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿಸಿದೆ. ‘ಬಳಸಿದ ಬಿಡ್ ಹಿಂದಿರುಗಿಸುವುದಿಲ್ಲ, ಷರತ್ತಿನಲ್ಲೇ ಇದೆ’ ಎಂದು ತಾಣದ ಉತ್ತರ ಬಂತು. ಷರತ್ತಿನಲ್ಲಿ ಇರುವುದು ಹೌದು. ತಾನಾಗಿ ತುಂಬಿದ ಪ್ಯಾಕಿನಲ್ಲಿ ಬಳಸದೆ ಉಳಿದಿದ್ದರೆ ಅಷ್ಟನ್ನಾದರೂ ಕೇಳಬಹುದಿತ್ತು, ಇವನು ಅದನ್ನೂ ಉಳಿಸಿರಲಿಲ್ಲ. ತಾಣವೇ ನಕಲಿಯಾಗಿದ್ದರೆ ಸೈಬರ್ ಅಪರಾಧದ 1930ಕ್ಕೆ ಫೋನು ಮಾಡಬೇಕು, ಅದೂ ದುಡ್ಡು ಹೋದ ಕೂಡಲೇ. ತಡವಾದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಕುಗ್ಗುತ್ತದೆ. ಹರಾಜಿನ ಪುಟ, ಬಿಡ್‌ಗಳ ಪಟ್ಟಿ, ಯುಪಿಐ ರಸೀದಿ ಎಲ್ಲದರ ಸ್ಕ್ರೀನ್‌ಶಾಟ್ ಮೊದಲೇ ಇಟ್ಟುಕೊಳ್ಳಿ, ಆ ಪುಟಗಳು ಬಹಳ ದಿನ ನಿಲ್ಲುವುದಿಲ್ಲ.

ಮನೆಯಲ್ಲಿ ದುಡಿಯುವ ಹುಡುಗರಿದ್ದರೆ ಇವತ್ತು ರಾತ್ರಿ ಅವರ ಜೊತೆ ಕೂತು ಯುಪಿಐ ಆಪ್‌ನ ಆಟೋಪೇ ಪಟ್ಟಿ ತೆಗೆಸಿ ನೋಡಿ. ಬಿಡ್ ಪ್ಯಾಕಿನ ಹೆಸರು ಕಂಡರೆ ಅಲ್ಲೇ ರದ್ದು ಮಾಡಿಸಿ. ಬೈಗುಳ ಆಮೇಲೆ ಇಟ್ಟುಕೊಳ್ಳಿ.